ಏಳಡಿ ಹುಡುಗ, ಪಾಯಿಂಟ್ ಗಾರ್ಡ್!

ನಿನ್ನಿ ರಾತ್ರಿ ಕರೆಂಟ್ ಹೋಯ್ತು, ಕಲಬುರಗಿ ಸೆಕಿ ಗೊತ್ತೇ ಅದಲ್ರಿ, ಮಾಳಗಿ ಮ್ಯಾಲ ಚಾಪಿ ಹಾಕ್ಕೊಂಡು ಬಾಸ್ಕೆಟ್‌ಬಾಲ್ ಟೀಮ್ ನಡಸೋ ಆನ್‌ಲೈನ್ ಆಟ ಬಜರ್‌ಬೀಟರ್ ತೆಗದ್ ಕುಂತೆ. ಡ್ರಾಫ್ಟ್‌ನಾಗ, ಅಂದ್ರ ಟೀಮ್‌ಗಳಿಗೆ ಹೊಸ ಆಟಗಾರರನ್ನ ಹಂಚೋದ್ರಾಗ, ಸಿಕ್ಕ ಹುಡುಗ ಒಬ್ಬ ಅದಾನ, ವಯಸ್ಸು 18, ಎತ್ತರ ಏಳಡಿ ಮ್ಯಾಲ. ಇವಗ ಏನ್ ಕಲಸ್ಬೇಕು ಅನ್ನೋದೇ ತಲಿನೋವು. ಎತ್ತರ ಇದ್ದವ್ರಿಗೆ ರಿಬೌಂಡ್ (ರಿಂಗಿಗೆ ಬಡದು ಬಂದ ಬಾಲ್ ಹಿಡಿಯೋದು), ಇನ್‌ಸೈಡ್ ಶಾಟ್ (ರಿಂಗ್ ಹತ್ರದಿಂದ ಹಾಕೋದು) ಲಗೂನ ಬರ್ತಾವ, ಪಾಸಿಂಗ್, ಬಾಲ್ ಹ್ಯಾಂಡ್ಲಿಂಗ್ ಮಾತ್ರ ಆಮೆ ನಡದಂಗ. ಆದ್ರ ವಯಸ್ಸಾದಂಗ ಕಲಿಯೋ ಸ್ಪೀಡೂ ಇಳೀತದ, ಅದಕ್ಕ ಕಷ್ಟದ್ದು ಈಗೇ ಮುಗಸ್ಬೇಕು ಅಂತ ನನ್ನ ಲೆಕ್ಕ. ಪಾಸಿಂಗ್ ಟ್ರೇನಿಂಗ್ ಪೂರಾ ಸಿಗಬೇಕಂದ್ರ ವಾರದಾಗ 48 ನಿಮಿಷ ಗಾರ್ಡ್ ಜಾಗಾದಾಗ, ಅಂದ್ರ ಬಾಲ್ ತಂದು ಆಟ ನಡಸೋ ಜಾಗಾದಾಗ, ಆಡಸ್ಬೇಕು, ಅಂದ್ರ ಈ ತಾಳಿಮರ ಬಾಲ್ ಬಡ್ಕೋತ ಬರೋದು, ಎದುರಿನವ ಕಸ್ಕೊಂಡ್ ಓಡೋದು, ನಾವು ಸೋಲೋದು.

ಸಾಲ್ಯಾಗ ನಾನೂ ಉದ್ದಕ್ಕಿದ್ದೆ ಅಂತ ಸರ್ ರಿಂಗ್ ಕೆಳಗ ನಿಂದ್ರಸ್ತಿದ್ರು, ಕೈ ಮ್ಯಾಲೆತ್ತು ಸಾಕು ಅಂತಿದ್ರು, ಡ್ರಿಬಲ್ ಯಾರೂ ಕಲಸ್ಲೇ ಇಲ್ಲ, ಈಗ್ಲೂ ಬಾಲ್ ಬಡದ್ರ ನನ್ನ ಕಾಲಿಗೇ ಬೀಳ್ತದ. ಅದರ ಸಿಟ್ಟು ಈ ಹುಡುಗನ ಮ್ಯಾಲ ತೀರಿಸ್ಕೊಳಕತ್ತೀನೋ ಏನೋ.

ತಮ್ಮ ನೋಡಿ, "ಅಣ್ಣಾ, ಲೀಗ್‌ನಾಗ ಕೆಳಗ ಬಿದ್ದೀ ನೋಡು" ಅಂದ. ಬೀಳ್ಲಿ ಬಿಡು ಅಂದೆ. ಟ್ರೇನಿಂಗ್ ಶುಕ್ರವಾರ ಆಗ್ತದ, ಪಾಸಿಂಗ್ ಒತ್ತಿ ಲೈನಪ್ ಹಾಕೋದ್ರಾಗ ಕರೆಂಟ್ ಬಂತು, ಫ್ಯಾನಿನ ಕೆಳಗ ಜಾಗಾ ಹಿಡಿಲಿಕ್ಕೆ ಅವ ನನಗಿಂತ ಮೊದ್ಲೇ ಓಡಿದ.