ಶನಿವಾರದ ಮೇಷ್ಟ್ರು

ಈಸ್ಟರ್ ಮುಗಿದ ವಾರದಲ್ಲಿ ನಮ್ಮ ಭೂಗೋಳದ ಮೇಷ್ಟ್ರು ಪ್ರಭುವಿನಲ್ಲಿ ವಿಶ್ರಮಿಸಿದರೆಂಬ ಸುದ್ದಿ ತಿಳಿದಾಗ, ಬೆಂಗಳೂರಿನಲ್ಲಿ ನೆಲೆಸಿರುವ ನಮ್ಮ ತರಗತಿಯವರು ಬಹುಪಾಲು ಕೋಲಾರಕ್ಕೆ ಬಂದು ಸೇರಿದೆವು. ಮಣ್ಣು ಮುಗಿಸಿ ಶಾಲೆಯ ಜಗಲಿಯ ಮೇಲೆ ಕುಳಿತು ಮಾತಿಗೆ ತೊಡಗಿದಾಗ, ಅವರು ಕಲಿಸಿದ ಭೂಗೋಳದಲ್ಲಿ ಪಾಲಾರ್ ನದಿ ಆಗಿನ್ನೂ ನಮ್ಮ ಜಿಲ್ಲೆಗೇ ಸೇರಿದ್ದ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುತ್ತದೆ ಎಂಬುದರ ಹೊರತು ಯಾರಿಗೂ ಏನೂ ನೆನಪಿರಲಿಲ್ಲ. ಎಲ್ಲರಿಗೂ ನೆನಪಿದ್ದುದು ಶನಿವಾರ. ಸಂಚಿಕೆಗೆ ಬರೆಯಬೇಕೆಂದು ಸಂಪಾದಕರು ಕೇಳಿದ್ದರಿಂದ ಆ ಶನಿವಾರಗಳನ್ನೇ ಬರೆಯುತ್ತಿದ್ದೇನೆ. ಚರ್ಚಿನ ಯುವಜನ ಕೂಟದ ಹುಡುಗ ಹುಡುಗಿಯರು ಇದನ್ನು ಓದಲಿ ಎಂಬ ಆಸೆಯೂ ಇದೆ.

ಮೇಷ್ಟ್ರ ಅಜ್ಜಿ 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ತಬ್ಬಲಿಯಾಗಿ, ಮಿಸ್ ಆನ್‌ಸ್ಟಿ ಎಂಬ ಆಂಗ್ಲ ಮಹಿಳೆ ಕೋಲಾರದಲ್ಲಿ ನಡೆಸುತ್ತಿದ್ದ ಅನಾಥಾಲಯದಲ್ಲಿ ಬೆಳೆದವರಂತೆ. ಆ ಕೆಲಸ ಮುಂದೆ ಅಮೆರಿಕದ ಮೆಥೊಡಿಸ್ಟ್ ಮಿಷನ್ನಿನವರ ಕೈಗೆ ಬಂದದ್ದು, ಅವರು ಇ.ಟಿ.ಸಿ.ಎಂ. ಆಸ್ಪತ್ರೆಯನ್ನು ಕಟ್ಟಿದ್ದು, ಈ ಊರಿನವರಿಗೆಲ್ಲ ತಿಳಿದದ್ದೇ. "ನಮ್ಮಜ್ಜಿಯನ್ನ ಯಾರೋ ಎತ್ತಿಕೊಂಡರಪ್ಪ, ಈಗ ನಮ್ಮ ಪಾಳಿ" ಎನ್ನುವುದು ಅವರ ಸಮಜಾಯಿಷಿಯಾಗಿತ್ತು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ಮಿಷನ್ ಕಾಂಪೌಂಡಿನ ಬೋರ್ಡಿಂಗ್ ಹುಡುಗರಾದ ನಮ್ಮನ್ನು ಸೈಕಲ್ ತಳ್ಳಿಕೊಂಡು ಮಂಡಿಗೆ ಕರೆದೊಯ್ಯುತ್ತಿದ್ದರು. ಅಲ್ಲಿ ಮೂಟೆಗಳ ಸಾಲಿನ ನೆರಳಿನಲ್ಲಿ ಕುಳಿತು, ಓದುಬರಹ ಬಾರದ ಹಮಾಲಿಗಳಿಗೆ ಹದಿನೈದು ಪೈಸೆಯ ಕಾರ್ಡಿನಲ್ಲಿ ಕಾಗದ ಬರೆದುಕೊಡುವುದು, ಊರಿಗೆ ಕಳಿಸುವ ಮನಿಯಾರ್ಡರ್ ಫಾರಂ ತುಂಬಿಸುವುದು ನಮ್ಮ ಕೆಲಸ. ಕರಪತ್ರ ಹಂಚಕೂಡದು, ಯಾರ ಜಾತಿಯನ್ನೂ ದೇವರನ್ನೂ ಕೇಳಕೂಡದು, ಅವರಿಂದ ಒಂದು ಲೋಟ ಚಹಾವನ್ನೂ ಕುಡಿಯಕೂಡದು ಎಂದು ಕಟ್ಟಪ್ಪಣೆಯಿತ್ತು. ಹಮಾಲಿಯೊಬ್ಬ ತಾನಾಗಿಯೇ "ನೀವು ಯಾಕೆ ಸ್ವಾಮಿ ಇದನ್ನೆಲ್ಲ ಮಾಡ್ತೀರಿ" ಎಂದು ಕೇಳಿದರೆ ಮಾತ್ರ ಮೇಷ್ಟ್ರು ಯೇಸುವಿನ ಹೆಸರನ್ನು ಎತ್ತುತ್ತಿದ್ದರು. ಕೇಳಿದವನು ನಂಬಿದನೇ ಇಲ್ಲವೇ ಎಂದು ಮತ್ತೆ ವಿಚಾರಿಸಿದ್ದನ್ನು ನಾನು ಕಾಣೆ. ಸಹಾಯಕ್ಕೆ ಬೆಲೆಯಾಗಿ ನಂಬಿಕೆಯನ್ನು ಕೇಳುವುದು ಅವರ ಪಾಲಿಗೆ ಲಂಚಕ್ಕೆ ಸಮನಾಗಿತ್ತು. ಸೇವೆಯೆಂದರೆ ಮತಾಂತರವೆಂದು ಅನುಮಾನಿಸುವ ಈ ದಿನಗಳಲ್ಲಿ ಅವರ ಆ ಶಿಸ್ತು ನನಗೆ ಆಗಾಗ ನೆನಪಾಗುತ್ತದೆ.

ಬೈಬಲಿನಲ್ಲಿ ಅವರ ಮೆಚ್ಚಿನ ಭಾಗ ಪ್ರವಾದಿ ಯೆರೆಮೀಯನ 29ನೆಯ ಅಧ್ಯಾಯ. ಅದೂ ಒಂದು ಕಾಗದವೇ. ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ, ಸೆರೆಹೋದವರಿಗೆ ಪ್ರವಾದಿ ಯೆರೂಸಲೇಮಿನಿಂದ ಬರೆದದ್ದು: ಮನೆ ಕಟ್ಟಿಕೊಳ್ಳಿರಿ, ತೋಟ ಮಾಡಿರಿ, ನಿಮ್ಮನ್ನು ಒಯ್ದ ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ. ಮಂಡಿಯ ಹಮಾಲಿಗೆ ಕೋಲಾರವೇ ಬಾಬೆಲು ಎಂದು ಮೇಷ್ಟ್ರು ಹೇಳಿದಾಗ ನಮಗೆ ನಗು ಬರುತ್ತಿತ್ತು.

ಆ ಕಾಗದಗಳ ನಡುವೆ ನಡೆದ ಒಂದು ಪ್ರಸಂಗವನ್ನು ಹೇಳದಿದ್ದರೆ ನಮ್ಮ ತರಗತಿಯವರು ನನ್ನನ್ನು ಕ್ಷಮಿಸುವುದಿಲ್ಲ. ಶ್ರೀನಿವಾಸಪುರದ ಕಡೆಯ ಹಮಾಲಿಯೊಬ್ಬ ತೆಲುಗಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯಬೇಕಿತ್ತು. ಅವನು ಹೇಳಿದ್ದು ಹಸು ಈದಿದೆಯೇ, ರಾಗಿ ಬಿತ್ತನೆ ಆಯಿತೇ ಎಂಬಷ್ಟೇ. ನಮ್ಮ ಗುಂಪಿನ ಕವಿ ಅದಕ್ಕೆ "ಎಲೈ ಚಂದ್ರಮುಖಿ, ನಿನ್ನನ್ನಗಲಿ ಈ ಪ್ರಾಣ ನಿಲ್ಲದು" ಎಂದು ಮೊದಲುಮಾಡಿ ಕಾರ್ಡಿನ ಅರ್ಧವನ್ನು ವಿರಹದಿಂದಲೇ ತುಂಬಿಸಿದ. ಹತ್ತು ದಿನಗಳಲ್ಲಿ ಉತ್ತರ ಬಂತು. ಅಂಚೆಯವನು ಅತ್ತೆಯ ಎದುರಿಗೇ ಕಾಗದವನ್ನು ಓದಿದನಂತೆ. ಚಂದ್ರಮುಖಿ ಎಂಬುವಳು ಯಾರೋ ತನಗೆ ಗೊತ್ತಿಲ್ಲ, ಅವಳಿಗೆ ಬರೆದ ಕಾಗದ ತಪ್ಪಿ ತನ್ನ ಮನೆಗೆ ಬಂದಿದೆ, ಇನ್ನು ಅವಳ ಜೊತೆಯಲ್ಲೇ ಇರಬಹುದು ಎಂದು ಹೆಂಡತಿ ಬರೆಸಿದ್ದಳು! ಮೇಷ್ಟ್ರು ಬೆತ್ತವನ್ನು ಮುಟ್ಟಲಿಲ್ಲ. ಭಾನುವಾರ ಆರಾಧನೆ ಮುಗಿದ ಮೇಲೆ ಕವಿಯನ್ನೂ ಅವನ ಪಕ್ಕದಲ್ಲಿ ಕುಳಿತು ಪದ ಒದಗಿಸಿದ್ದ ನನ್ನನ್ನೂ ಬಸ್ಸು ಹತ್ತಿಸಿ ಆ ಹಳ್ಳಿಗೆ ಕರೆದೊಯ್ದು, ಆ ತಾಯಿಯ ಎದುರು ನಿಲ್ಲಿಸಿ, ಚಂದ್ರಮುಖಿಯೆಂದರೆ ಏನೆಂದು ನಮ್ಮ ಬಾಯಿಂದಲೇ ತೆಲುಗಿನಲ್ಲಿ ಹೇಳಿಸಿದರು. ಆಕೆ ಬಿದ್ದು ಬಿದ್ದು ನಕ್ಕು ಮಡಿಲ ತುಂಬ ಮಾವಿನಹಣ್ಣು ಕೊಟ್ಟಳು. ಕವಿ ಈಗ ಬೆಂಗಳೂರಿನ ಒಂದು ಕ್ರೈಸ್ತ ಸಭೆಯ ಪಾಸ್ಟರ್. ಅವನ ಉಪದೇಶಗಳಲ್ಲಿ ವಿಶೇಷಣಗಳ ಕಾಟ ಇನ್ನೂ ತಪ್ಪಿಲ್ಲ.

ಈಗ ನಮ್ಮ ಜಿಲ್ಲೆಯ ಅರ್ಧ ಜನ ಬಾಬೆಲಿನಲ್ಲಿದ್ದಾರೆ. 2001ರ ಫೆಬ್ರವರಿಯಲ್ಲಿ ಚಿನ್ನದ ಗಣಿ ಮುಚ್ಚಿದಂದಿನಿಂದ ಕೆ.ಜಿ.ಎಫ್. ಮತ್ತು ಬಂಗಾರಪೇಟೆಯವರು ಕತ್ತಲಲ್ಲೇ ರೈಲು ಹತ್ತಿ ಬೆಂಗಳೂರಿನಲ್ಲಿ ದುಡಿದು ಕತ್ತಲಲ್ಲೇ ಮರಳುತ್ತಾರೆ. ಇತ್ತ ಪಟ್ಟಣವೇ ನಮ್ಮ ಬಾಗಿಲಿಗೂ ಬಂದಿದೆ: ನರಸಾಪುರದ ಕೈಗಾರಿಕಾ ಪ್ರದೇಶದ ಸುತ್ತ ಹೊರರಾಜ್ಯಗಳ ಹುಡುಗರು ಒಂದೊಂದು ಕೋಣೆಯಲ್ಲಿ ಐದಾರು ಮಂದಿ ಮಲಗುತ್ತಾರೆ. 2020ರ ಡಿಸೆಂಬರಿನಲ್ಲಿ ಅಲ್ಲಿನ ಕಾರ್ಖಾನೆಯೊಂದರಲ್ಲಿ ಸಂಬಳದ ವಿಚಾರಕ್ಕೆ ಗಾಜು ಒಡೆದ ಮೇಲಷ್ಟೇ ನಮ್ಮ ಸಭೆಗಳಿಗೆ ಅವರು ಅಲ್ಲಿದ್ದಾರೆಂಬುದು ತಿಳಿಯಿತು. ಪಟ್ಟಣದ ಸೇವೆ ಎಲ್ಲಿಂದ ತೊಡಗಬೇಕೆಂದು ಕೇಳುವ ಯುವಕರಿಗೆ ನಾನು ಕೆ.ಜಿ.ಎಫ್.ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ನರನ್ನು ತೋರಿಸುತ್ತೇನೆ. ತನ್ನ ಊರಿನಲ್ಲೇ, ತನ್ನ ಜನವೇ ಮಲ ಹೊರುವುದನ್ನು ಕಂಡು ಅವರು ತೊಡಗಿದ ಹೋರಾಟ ದೇಶವನ್ನೆಲ್ಲ ಸುತ್ತಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯವರೆಗೆ ಹೋಯಿತು.

ಇಂದಿನ ಶನಿವಾರಗಳನ್ನು ಸ್ಪೆಷಲ್ ಕ್ಲಾಸುಗಳು ನುಂಗಿವೆ. ನೂರಕ್ಕೆ ತೊಂಬತ್ತೈದು ತೆಗೆಯುವ ಮಕ್ಕಳು ಮಂಡಿಯ ಓಣಿಯನ್ನು ಕಂಡಿರುವುದಿಲ್ಲ. ಯುವಜನ ಕೂಟಗಳಲ್ಲಿ ಗಿಟಾರು, ಕೀಬೋರ್ಡು ಎಲ್ಲವೂ ಇವೆ, ಉತ್ಸಾಹಕ್ಕೂ ಕೊರತೆಯಿಲ್ಲ. ಆದರೆ ಮಿಷನ್ ಎಂದೊಡನೆ ಅವರ ಕಣ್ಣು ದೂರದ ಕಾಡಿಗೋ ಹೊರದೇಶಕ್ಕೋ ಹೋಗುತ್ತದೆ, ಒಂದೇ ಬಣ್ಣದ ಟೀಶರ್ಟು ತೊಟ್ಟ ಶಿಬಿರಕ್ಕೆ ಹೋಗುತ್ತದೆ. ಕಾಡಿನ ಸೇವೆಯನ್ನು ನಾನು ಕಡಿಮೆಯೆನ್ನುವುದಿಲ್ಲ. ಆದರೆ ಚರ್ಚಿನ ಹಿಂದಿನ ಶೆಡ್ಡಿನಲ್ಲಿರುವವರಿಗೆ ಸ್ತುತಿಗೀತೆ ಕೇಳಿಸುತ್ತದೆ, ಚರ್ಚಿನ ಕಡೆಯಿಂದ ಒಬ್ಬರೂ ಬರುವುದಿಲ್ಲ.

ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ ನಾನು ವೈಟ್‌ಫೀಲ್ಡಿನ ಆಚೆ, ಕಟ್ಟಡ ಕೆಲಸಗಾರರ ಶೆಡ್ಡುಗಳ ನಡುವೆ ಶನಿವಾರ ಸಂಜೆ ಒಂದು ಮೇಜು ಹಾಕಿಕೊಂಡು ಕುಳಿತುಕೊಳ್ಳುತ್ತೇನೆ. ನಮ್ಮ ಪಾಸ್ಟರೇಟಿನಲ್ಲಿ ಇದಕ್ಕೆ ತಕ್ಕಮಟ್ಟಿನ ಮನ್ನಣೆಯೂ ಸಿಕ್ಕಿದೆಯೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಈಗ ಕಾಗದ ಬರೆಸುವವರಿಲ್ಲ, ಅರ್ಜಿ ತುಂಬಿಸುವವರಿದ್ದಾರೆ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನ ಯಾರೇ ಆದರೂ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು, ಆದರೆ ಆ 90 ದಿನಗಳಿಗೆ ಪುರಾವೆ ಒದಗಿಸಿಕೊಡಲು ಅವರಿಗೆ ಒಬ್ಬ ಜೊತೆಗಾರ ಬೇಕು. ಜನನ ಪ್ರಮಾಣಪತ್ರವಿಲ್ಲವೆಂದು ಅವರ ಮಕ್ಕಳನ್ನು ಶಾಲೆಯವರು ಹಿಂದಕ್ಕೆ ಕಳಿಸಿದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವಯಸ್ಸಿನ ಪುರಾವೆಯಿಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂದು ಮುಖ್ಯೋಪಾಧ್ಯಾಯರಿಗೆ ವಿನಯದಿಂದ ತಿಳಿಸಲು ಯಾರಾದರೂ ಹೋಗಬೇಕು. ಇದಕ್ಕೆ ದೇವಶಾಸ್ತ್ರದ ಪದವಿ ಬೇಕಿಲ್ಲ; ಹಿಂದಿ ನಾಲ್ಕು ಮಾತು ಬಂದರೆ, ಕ್ಯೂನಲ್ಲಿ ನಿಲ್ಲುವ ತಾಳ್ಮೆಯಿದ್ದರೆ ನಡೆಯುತ್ತದೆ.

ಮೇಷ್ಟ್ರ ಹೆಸರಿನಲ್ಲಿ ದತ್ತಿ ಬಹುಮಾನ ಇಡಬೇಕೆಂದು ಜಗಲಿಯ ಮೇಲೆ ಮಾತು ಬಂದಾಗ ನಾನು ಒಪ್ಪಲಿಲ್ಲ. ಆ ಹಣ ನರಸಾಪುರಕ್ಕೆ ಶನಿವಾರ ಹೋಗಿಬರುವ ಹುಡುಗರ ಬಸ್ಸಿನ ಖರ್ಚಿಗಾಗಲಿ ಎಂದೆ, ಉಳಿದವರೂ ಹೂಂ ಎಂದರು. ಪಿ.ಯು.ಸಿ. ಮುಗಿಸಿ ಬೆಂಗಳೂರಿಗೆ ಓದಲು ಬರುವ ನಮ್ಮ ಶಾಲೆಯ ಹುಡುಗರಲ್ಲಿ ಯಾರಿಗಾದರೂ ವೈಟ್‌ಫೀಲ್ಡಿನ ಮೇಜಿನ ಬಳಿ ಕೂರಲು ಮನಸ್ಸಿದ್ದರೆ ಮುಖ್ಯೋಪಾಧ್ಯಾಯರ ಬಳಿ ಹೆಸರು ಕೊಡಬಹುದು. ಶನಿವಾರ ರಾತ್ರಿ ನಮ್ಮ ಮನೆಯಲ್ಲಿ ಮುದ್ದೆ ಊಟ ಉಂಟು. ಸಾರು ಯಾವುದೆಂಬುದು ನನ್ನ ಹೆಂಡತಿಯ ಮರ್ಜಿ.