ಅಕಿಹಬಾರದಲ್ಲಿ ಹಳೆಯ ಕ್ಯಾಸೆಟ್ಟು ಹುಡುಕಿದ ದಿನ

ಕಚೇರಿಯ ಕೆಲಸದ ಮೇಲೆ ಟೋಕಿಯೊದಲ್ಲಿದ್ದಾಗ, 2024ರ ಅಕ್ಟೋಬರಿನ ಒಂದು ಶನಿವಾರವನ್ನು ನಾನು ಹಳೆಯ ವಿಡಿಯೊ ಗೇಮುಗಳಿಗೆಂದೇ ಮೀಸಲಿಟ್ಟೆ. ಕೊಳ್ಳಬೇಕೆಂದು ಮನಸ್ಸಿನಲ್ಲಿದ್ದದ್ದು ಒಂದೇ ಕ್ಯಾಸೆಟ್ಟು: ಕೊನಾಮಿ ಕಂಪನಿ 1988ರ ಫೆಬ್ರವರಿಯಲ್ಲಿ ಟಿವಿಗೆ ಜೋಡಿಸಿ ಆಡುವ ನಿಂಟೆಂಡೊದ ಫ್ಯಾಮಿಕಾಮ್ ಯಂತ್ರಕ್ಕೆಂದು ಜಪಾನಿನಲ್ಲಿ ಬಿಡುಗಡೆ ಮಾಡಿದ, ಸೈನಿಕರು ಗುಂಡು ಹಾರಿಸುತ್ತ ಮುನ್ನುಗ್ಗುವ ಆಟ ‘ಕಾಂಟ್ರಾ’. ಆ ಕ್ಯಾಸೆಟ್ಟು ಸಂಜೆಯೊಳಗೆ ಕೈಗೆ ಸಿಕ್ಕಿತು. ಆದರೆ ಅದನ್ನು ಹುಡುಕುತ್ತ ಅಂಗಡಿಗಳ ಗಾಜಿನ ಕಪಾಟುಗಳ ಮುಂದೆ ನಿಂತು ಬೆಲೆಚೀಟಿಗಳನ್ನು ಓದಿದ ಆ ಕೆಲವು ಗಂಟೆಗಳು ನನ್ನ ತಲೆಯಲ್ಲಿ ಇನ್ನೂ ಉಳಿದಿವೆ.

ನಾನು ಬೆಳೆದದ್ದು ಶಿವಮೊಗ್ಗದಲ್ಲಿ. ತೊಂಬತ್ತರ ದಶಕದಲ್ಲಿ ನಮ್ಮ ಬೀದಿಯ ಯಾರ ಮನೆಯಲ್ಲೂ ಅಸಲಿ ಫ್ಯಾಮಿಕಾಮ್ ಇರಲಿಲ್ಲ. ಅಂಥದ್ದೊಂದು ಯಂತ್ರವಿದೆ ಎಂಬುದೇ ನಮಗೆ ಗೊತ್ತಿರಲಿಲ್ಲ. ನಮಗೆ ಸಿಕ್ಕಿದ್ದು ಅದರ ನಕಲುಗಳು, ಸಮುರಾಯ್, ಲಿಟಲ್ ಮಾಸ್ಟರ್ ಮುಂತಾದ ಹೆಸರುಗಳಲ್ಲಿ ಮಾರಾಟವಾಗುತ್ತಿದ್ದ ‘ಟಿವಿ ಗೇಮ್’ಗಳು. ಅವುಗಳ ಜೊತೆಗೆ ಬರುತ್ತಿದ್ದ ಹಳದಿ ಕ್ಯಾಸೆಟ್ಟಿನ ಮೇಲೆ ಸಾವಿರಾರು ಆಟಗಳಿವೆಯೆಂದು ಬರೆದಿರುತ್ತಿತ್ತು. ಒಳಗೆ ಇರುತ್ತಿದ್ದದ್ದು ಬೆರಳೆಣಿಕೆಯ ಆಟಗಳು, ಬೇರೆ ಬೇರೆ ಸ್ಟೇಜುಗಳಿಂದ ಆರಂಭವಾಗುವಂತೆ ಮತ್ತೆ ಮತ್ತೆ ಪಟ್ಟಿಯಲ್ಲಿ ಸೇರಿಕೊಂಡಿದ್ದವು. ಆದರೂ ಆ ಪಟ್ಟಿಯಲ್ಲಿ ಕಾಂಟ್ರಾ ಇತ್ತು, ಅಣ್ಣನೂ ನಾನೂ ಜೋಡಿಯಾಗಿ ಅದನ್ನು ಆಡಿದ ಬೇಸಿಗೆ ರಜೆಗಳಿಗೆ ಲೆಕ್ಕವಿಲ್ಲ. ‘ಎಸ್’ ಅಕ್ಷರದ ಬಂದೂಕು ಗಾಳಿಯಲ್ಲಿ ತೇಲಿಬಂದರೆ ಅದು ಯಾರಿಗೆ ಸೇರಬೇಕೆಂಬ ಜಗಳವನ್ನು ಅಮ್ಮನೇ ಬಂದು ಬಿಡಿಸಬೇಕಾಗುತ್ತಿತ್ತು. ನಾವು ಆಡಿದ್ದು ಅಮೆರಿಕದ ಆವೃತ್ತಿಯ ನಕಲು ಎಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ. ಜಪಾನಿನ ಆವೃತ್ತಿಯಲ್ಲಿ ಕೊನಾಮಿಯದೇ ವಿಆರ್‌ಸಿ2 ಎಂಬ ಚಿಪ್ಪು ಇರುವುದರಿಂದ ಅದರಲ್ಲಿ ಹೆಚ್ಚಿನ ದೃಶ್ಯಗಳೂ ಚಲನೆಯೂ ಇವೆಯೆಂದು ಓದಿದಾಗಿನಿಂದ, ಅದನ್ನು ಅಸಲಿ ಯಂತ್ರದಲ್ಲಿ ಆಡಬೇಕೆಂಬ ಆಸೆ ನನ್ನನ್ನು ಬಿಟ್ಟಿರಲಿಲ್ಲ.

ಎಲೆಕ್ಟ್ರಾನಿಕ್ಸ್ ಮತ್ತು ಗೇಮುಗಳ ಅಂಗಡಿಗಳಿಗೆ ಹೆಸರಾದ ಟೋಕಿಯೊದ ಬಡಾವಣೆ ಅಕಿಹಬಾರದ ನಿಲ್ದಾಣದಿಂದ ಹತ್ತೇ ನಿಮಿಷದ ನಡಿಗೆಯಲ್ಲಿ, ಕಿರಿದಾದ ಮೆಟ್ಟಿಲುಗಳ ಕಟ್ಟಡವೊಂದರ ಮಹಡಿಗಳಲ್ಲಿ ಹಳೆಯ ಗೇಮುಗಳ ಅಂಗಡಿಯಿತ್ತು. ಜೊತೆಗೆ ಬಂದಿದ್ದವರು ನನ್ನ ಜಪಾನಿ ಸಹೋದ್ಯೋಗಿ, ಐವತ್ತರ ಆಸುಪಾಸಿನವರು; ಫ್ಯಾಮಿಕಾಮ್ 1983ರ ಜುಲೈ 15ರಂದು 14,800 ಯೆನ್ ಬೆಲೆಗೆ ಮಾರುಕಟ್ಟೆಗೆ ಬಂದಾಗ ಅವರು ಪ್ರಾಥಮಿಕ ಶಾಲೆಯ ಹುಡುಗ. ಅಲ್ಲಿ ಮೂರು ದರ್ಜೆಗಳಿರುವುದನ್ನು ಅವರೇ ತೋರಿಸಿಕೊಟ್ಟರು. ಪೆಟ್ಟಿಗೆ, ಕೈಪಿಡಿ ಎಲ್ಲವೂ ಇರುವವು ಗಾಜಿನ ಒಳಗೆ, ಬೀಗದ ಹಿಂದೆ. ಬಿಡಿ ಕ್ಯಾಸೆಟ್ಟುಗಳು ಪ್ಲಾಸ್ಟಿಕ್ ಹೊದಿಕೆಯಲ್ಲಿ, ಗೋಡೆಗಳ ಉದ್ದಕ್ಕೂ ಸಾಲಾಗಿ. ನಡೆಯುತ್ತದೋ ಇಲ್ಲವೋ ಅಂಗಡಿಯವರು ಹೊಣೆಯಲ್ಲ, ಹಿಂತಿರುಗಿಸುವಂತೆಯೂ ಇಲ್ಲ ಎಂಬ ಕರಾರಿನ ಮೇಲೆ ಮಾರುವವು ‘ಜಂಕ್’ ಬುಟ್ಟಿಯಲ್ಲಿ. ಗಾಜಿನ ಕಪಾಟಿನ ಮುಂದೆ ವಿದೇಶಿಯರ ಗುಂಪು, ಬುಟ್ಟಿಯ ಬಳಿ ಒಬ್ಬಿಬ್ಬರು ಸ್ಥಳೀಯರು ಮಂಡಿಯೂರಿ ಹುಡುಕುತ್ತಿದ್ದರು.

ಕಪಾಟಿನ ಮೇಲಿನ ಸಾಲಿನಲ್ಲಿ ‘ಗಿಮಿಕ್!’ ಇತ್ತು. ಸನ್‌ಸಾಫ್ಟ್ ಕಂಪನಿ 1992ರ ಜನವರಿಯಲ್ಲಿ ಹೊರತಂದ ಈ ಆಟದ ನಾಯಕ ಯುಮೆತಾರೊ ಎಂಬ ಪುಟ್ಟ ಹಸಿರು ಜೀವಿ. ಅವನು ತಲೆಯ ಮೇಲೆ ನಕ್ಷತ್ರವೊಂದನ್ನು ಮೂಡಿಸಿ ಎಸೆಯುತ್ತಾನೆ, ಪುಟಿಯುವ ಆ ನಕ್ಷತ್ರದ ಮೇಲೆ ತಾನೇ ಹತ್ತಿ ಸವಾರಿ ಮಾಡುತ್ತಾನೆ. ಈ ಕ್ಯಾಸೆಟ್ಟಿನ ಒಳಗೆ ಶಬ್ದಕ್ಕೆಂದೇ ಹೆಚ್ಚುವರಿ ವ್ಯವಸ್ಥೆಯುಳ್ಳ ಸನ್‌ಸಾಫ್ಟ್ 5ಬಿ ಚಿಪ್ಪಿದೆ. ಫ್ಯಾಮಿಕಾಮ್ ತನ್ನ ಧ್ವನಿಯನ್ನು ಕ್ಯಾಸೆಟ್ಟಿನ ಮೂಲಕ ಹಾಯಿಸಿ ಹೊರಬಿಡುವುದರಿಂದ, ಆ ಚಿಪ್ಪಿನ ಸ್ವರಗಳು ಯಂತ್ರದ ಸ್ವರಗಳೊಂದಿಗೆ ಬೆರೆತು, ಆ ಯಂತ್ರದಿಂದ ಬರಬಹುದೆಂದು ನಂಬಲಾಗದ ಸಂಗೀತ ಹೊಮ್ಮುತ್ತದೆ. ಪಶ್ಚಿಮದ ದೇಶಗಳಲ್ಲಿ ಮಾರಾಟವಾದ ನಿಂಟೆಂಡೊ ಯಂತ್ರಕ್ಕೆ ಈ ಹಾದಿ ಇಲ್ಲ. ಸ್ಕ್ಯಾಂಡಿನೇವಿಯಾದಲ್ಲಿ ಬಂದ ಇದರ ಆವೃತ್ತಿಯಲ್ಲಿ ಆ ಸ್ವರಗಳೇ ಇಲ್ಲ. ಇಷ್ಟು ಕಸುಬುದಾರಿಕೆಯ ಆಟಕ್ಕೆ ಅದು ಹುಟ್ಟಿದ ಕಾಲ ಒಲಿಯಲಿಲ್ಲ. ನಿಂಟೆಂಡೊದ ಮುಂದಿನ ಯಂತ್ರ ಸೂಪರ್ ಫ್ಯಾಮಿಕಾಮ್ 1990ರ ನವೆಂಬರಿನಲ್ಲೇ ಬಂದು ಮಕ್ಕಳ ಮನಸ್ಸನ್ನೆಲ್ಲ ಸೆಳೆದುಕೊಂಡಿತ್ತು, ಹಳೆಯ ಯಂತ್ರಕ್ಕೆ ಬಂದ ಕೊನೆಕೊನೆಯ ಆಟಗಳು ಕಡಿಮೆ ಸಂಖ್ಯೆಯಲ್ಲಿ ಅಚ್ಚಾಗಿ ಹೆಚ್ಚು ಸದ್ದಿಲ್ಲದೆ ಕಪಾಟಿನಿಂದ ಇಳಿದುಹೋದವು. ನಾನು ನೋಡಿದಾಗ ಬಿಡಿ ಕ್ಯಾಸೆಟ್ಟಿಗೇ ಯೆನ್ನಿನಲ್ಲಿ ಐದಂಕಿಯ ಬೆಲೆ, ಪೆಟ್ಟಿಗೆಯೊಂದಿಗೆ ಆರಂಕಿ. ನೂರು ಯೆನ್ನಿಗೆ ಸುಮಾರು 55 ರೂಪಾಯಿಯ ಲೆಕ್ಕದಲ್ಲಿ ಮನಸ್ಸಿನಲ್ಲೇ ಗುಣಿಸಿ ನೋಡಿದವನಿಗೆ ಅದನ್ನು ಕೈಗೆ ತೆಗೆದುಕೊಡಿ ಎಂದು ಕೇಳುವ ಧೈರ್ಯವೂ ಬರಲಿಲ್ಲ.

ಅದೇ ಅಂಗಡಿಯ ಇನ್ನೊಂದು ಗೋಡೆಯಲ್ಲಿ 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಸಾಲುಗಟ್ಟಿ ನಿಂತಿತ್ತು, ಒಂದು ಸಾಧಾರಣ ಊಟದ ಬೆಲೆಗೆ. ಜಪಾನೊಂದರಲ್ಲೇ 68 ಲಕ್ಷಕ್ಕೂ ಮೀರಿ ಮಾರಾಟವಾದ ಆಟ ಅದು. ಅದರಿಂದ ಕಲಿಯದ ಆಟಗಾರನಿಲ್ಲ, ವಿನ್ಯಾಸಕಾರನೂ ಇಲ್ಲ. ಹಾಗಾಗಿ ಬೆಲೆಚೀಟಿ ಆಟದ ಯೋಗ್ಯತೆಯನ್ನು ಹೇಳುತ್ತಿಲ್ಲ, ಉಳಿದಿರುವ ಪ್ರತಿಗಳ ಸಂಖ್ಯೆಯನ್ನು ಹೇಳುತ್ತಿದೆ ಎಂದುಕೊಂಡೆ. ಸಹೋದ್ಯೋಗಿ ಒಪ್ಪಲಿಲ್ಲ. ಪ್ರತಿಗಳ ಸಂಖ್ಯೆ ಹತ್ತು ವರ್ಷದ ಹಿಂದೆಯೂ ಇಷ್ಟೇ ಇತ್ತಲ್ಲ, ಬೆಲೆ ಇಷ್ಟಿರಲಿಲ್ಲವಲ್ಲ ಎಂದರು. ಅವರ ಮಾತು ಸರಿಯೇ. 2020ರಲ್ಲಿ ಕೋವಿಡ್ ಜಗತ್ತನ್ನೆಲ್ಲ ಮನೆಯೊಳಗೆ ಕೂರಿಸಿದಾಗ ಬಾಲ್ಯದ ಆಟಗಳನ್ನು ಹುಡುಕಿ ಹೊರಟವರು ಅಸಂಖ್ಯ. ಆ ಮೇಲೆ ಯೆನ್ ಕುಸಿಯಿತು: 2021ರ ಆರಂಭದಲ್ಲಿ ಒಂದು ಡಾಲರಿಗೆ ಸುಮಾರು 103 ಯೆನ್ ಇದ್ದದ್ದು 2024ರ ಜುಲೈ ಹೊತ್ತಿಗೆ 160 ದಾಟಿತ್ತು. ಅದೇ ವರ್ಷ ಜಪಾನಿಗೆ ಬಂದ ವಿದೇಶಿಯರ ಸಂಖ್ಯೆ 3.6 ಕೋಟಿ ಮೀರಿ ಅದುವರೆಗಿನ ದಾಖಲೆಯಾಯಿತು. ಡಾಲರ್ ಹಿಡಿದು ಬಂದವರಿಗೆ ಅಗ್ಗವಾಗಿ ಕಂಡ ಬೆಲೆ, ಯೆನ್ನಿನಲ್ಲಿ ಸಂಬಳ ಎಣಿಸುವ ನನ್ನ ಸಹೋದ್ಯೋಗಿಗೆ ಕೈಗೆಟುಕದ್ದಾಗಿತ್ತು. ಕಾಲೇಜಿನ ದಿನಗಳಲ್ಲಿ ತಮ್ಮ ಕ್ಯಾಸೆಟ್ಟುಗಳನ್ನೆಲ್ಲ ಚೀಲದಲ್ಲಿ ತುಂಬಿ ಮಾರಿದ್ದ ಅವರು, ಅವುಗಳಲ್ಲಿ ಒಂದೆರಡನ್ನು ಆ ಕಪಾಟಿನಲ್ಲಿ ಬಹಳ ಹೊತ್ತು ನೋಡಿದರು.

ಆದರೆ ನನ್ನನ್ನು ನಿಜವಾಗಿ ಕಲಕಿದ್ದು ಈ ಏರಿಕೆಗಿಂತ ಅದರ ದಿಕ್ಕು. ಅಮೆರಿಕದಲ್ಲಿ 2021ರ ಜುಲೈ 11ರಂದು ‘ಸೂಪರ್ ಮಾರಿಯೊ 64’ರ ಒಂದು ಪ್ರತಿ ಹರಾಜಿನಲ್ಲಿ 15.6 ಲಕ್ಷ ಡಾಲರಿಗೆ, ಅಂದರೆ ಅಂದಿನ ದರದಲ್ಲಿ ಹನ್ನೊಂದು ಕೋಟಿ ರೂಪಾಯಿಗೂ ಹೆಚ್ಚಿಗೆ ಹೋಯಿತು. ಅದು ಅಪರೂಪದ ಆಟವಲ್ಲ, ಒಂದು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದ ಆಟ. ಆ ಪ್ರತಿಯ ವಿಶೇಷವೆಂದರೆ ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಯಾರೂ ಬಿಚ್ಚಿರಲಿಲ್ಲ. ಹೊದಿಕೆಯ ಸ್ಥಿತಿಗೆ ಅಂಕ ಕೊಡುವ ಸಂಸ್ಥೆ 9.8 ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟಿತ್ತು. ಒಮ್ಮೆಯೂ ನುಡಿಸದ ವೀಣೆಗೆ ಎಲ್ಲಕ್ಕಿಂತ ಹೆಚ್ಚಿನ ಬೆಲೆ ಕಟ್ಟಿದ ಹಾಗೆ. ಆಡಿದ ಗುರುತು ಕಂಡಷ್ಟೂ ಬೆಲೆ ಇಳಿಯುವ ಈ ಲೆಕ್ಕದಲ್ಲಿ, ಆಟವನ್ನು ಪ್ರೀತಿಸಿದ ಮಗುವಿನ ಕೈಯೇ ಹಾನಿ ಎನಿಸಿಕೊಳ್ಳುತ್ತದೆ. ಇದನ್ನು ನಾನು ಒಪ್ಪಲಾರೆ. ಹಳೆಯ ಗೇಮು ಸಂಗ್ರಹಿಸುವುದೆಂದರೆ ಅದು ಓಡುತ್ತಿರುವಂತೆ ನೋಡಿಕೊಳ್ಳುವುದು ಎಂದೇ ನಾನು ತಿಳಿದವನು.

ಕಾಂಟ್ರಾ ಸಿಕ್ಕಿದ್ದು ಮೂರನೆಯ ಅಂಗಡಿಯಲ್ಲಿ, ಅದೂ ಎರಡು ಪ್ರತಿ. ಒಂದು ಅಚ್ಚುಕಟ್ಟಾಗಿತ್ತು, ಏಳು ಸಾವಿರ ಯೆನ್ನಿನ ಹತ್ತಿರ. ಇನ್ನೊಂದರ ಮೇಲೆ ಅಂಟಿಸಿದ್ದ ಆಟದ ಚಿತ್ರದ ಚೀಟಿ ಬಿಸಿಲಿಗೆ ಮಾಸಿತ್ತು. ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಕಪ್ಪು ಮಾರ್ಕರಿನಿಂದ, ಜಪಾನಿನ ಮಕ್ಕಳು ಮೊದಲು ಕಲಿಯುವ ಹಿರಾಗಾನ ಅಕ್ಷರಗಳಲ್ಲಿ ಒಂದು ಮಗುವಿನ ಹೆಸರು. ಮೊದಲ ಅಕ್ಷರ ದೊಡ್ಡದು, ಜಾಗ ಸಾಲದೆ ಕೊನೆಯ ಎರಡು ಅಂಚಿಗೆ ಒತ್ತಿಕೊಂಡು ಕಿರಿದಾಗಿದ್ದವು. ಆ ಕಾಲದ ಮಕ್ಕಳು ಕ್ಯಾಸೆಟ್ಟುಗಳನ್ನು ಒಬ್ಬರಿಗೊಬ್ಬರು ಎರವಲು ಕೊಡುತ್ತಿದ್ದುದರಿಂದ ಹೀಗೆ ಹೆಸರು ಬರೆಯುವುದು ರೂಢಿಯಾಗಿತ್ತು, ತಾವೂ ಬರೆದಿದ್ದುಂಟು ಎಂದು ಸಹೋದ್ಯೋಗಿ ಹೇಳಿದರು. ಬೆಲೆಚೀಟಿಯಲ್ಲಿ ‘ಹೆಸರು ಬರೆದಿದೆ’ ಎಂದು ದೋಷವೆಂಬಂತೆ ನಮೂದಿಸಿ ಐದು ಸಾವಿರ ಯೆನ್ನಿಗಿಂತ ಕೆಳಗೆ ಇಳಿಸಿದ್ದರು. ಹೀಗೆ ಹೆಸರು ಬರೆದ ಕ್ಯಾಸೆಟ್ಟುಗಳನ್ನೇ ಹುಡುಕಿ ಕೂಡಿಹಾಕಿ, ಸಾಧ್ಯವಾದರೆ ಮೊದಲ ಒಡೆಯರಿಗೆ ಮರಳಿಸಲು ಯತ್ನಿಸುವವರೂ ಆ ದೇಶದಲ್ಲಿದ್ದಾರೆ ಎಂಬುದನ್ನು ಇಲ್ಲಿ ಸಂತೋಷದಿಂದ ಹೇಳಬೇಕು. ನಾನು ಎರಡನೆಯದನ್ನೇ ಆರಿಸಿದೆ. ಬೆಲೆ ಏರಿದಲ್ಲಿ ನಕಲಿಗಳೂ ಬಂದು ಸೇರುತ್ತವೆ. ಫ್ಯಾಮಿಕಾಮ್ ಕ್ಯಾಸೆಟ್ಟುಗಳು ಸಾಮಾನ್ಯವಾಗಿ ಸ್ಕ್ರೂ ಇಲ್ಲದೆ ಪ್ಲಾಸ್ಟಿಕ್ ಕೊಂಡಿಗಳಿಂದಲೇ ಮುಚ್ಚಿರುವುದರಿಂದ ಬಿಚ್ಚಿ ಪರೀಕ್ಷಿಸಹೋದರೆ ಕೊಂಡಿ ಮುರಿಯುವ ಭಯವಿದೆ. ಆದ್ದರಿಂದ ಅಂಗಡಿಯ ಯಂತ್ರದಲ್ಲೇ ಹಾಕಿ ತೋರಿಸಬೇಕೆಂದು ಕೇಳಿಕೊಂಡೆ. ಅಂಗಡಿಯ ಹುಡುಗಿ ಹತ್ತಿಯ ಕಡ್ಡಿಯನ್ನು ಆಲ್ಕೋಹಾಲಿನಲ್ಲಿ ಅದ್ದಿ ತಾಮ್ರದ ಪಟ್ಟಿಗಳನ್ನು ಒರೆಸಿದಾಗ ಹತ್ತಿ ಕಪ್ಪಾಯಿತು, ಮತ್ತೊಂದು ಕಡ್ಡಿಗೆ ಬೂದು ಬಣ್ಣ ಬಂತು, ಮೂರನೆಯದು ಬಿಳಿಯಾಗಿಯೇ ಉಳಿಯಿತು. ಯಂತ್ರಕ್ಕೆ ಹಾಕಿದ ಕೂಡಲೇ ಓಡಿತು.

ಸಂಜೆ ಸಹೋದ್ಯೋಗಿಯ ಮನೆಯಲ್ಲಿ ಆಡಲು ಕುಳಿತೆವು. ಮೊದಲಿನ ಫ್ಯಾಮಿಕಾಮ್ ಆಂಟೆನಾ ತಂತಿಯ ಮೂಲಕ ಜಪಾನಿನ ಹಳೆಯ ಟಿವಿ ಚಾನೆಲ್ಲುಗಳಿಗೆ ಮಾತ್ರ ಚಿತ್ರ ಕಳಿಸುತ್ತದೆ. ಅವರ ಬಳಿ ಇದ್ದದ್ದು 1993ರ ಡಿಸೆಂಬರಿನಲ್ಲಿ ಬಂದ ಎವಿ ಫ್ಯಾಮಿಕಾಮ್, ಅದನ್ನು ಮಾಮೂಲಿ ಕೆಂಪು, ಬಿಳಿ, ಹಳದಿ ತಂತಿಗಳಿಂದ ಟಿವಿಗೆ ಜೋಡಿಸಬಹುದು. ಮೊದಲು ನಾವು ಎಂದೂ ಕಂಡಿರದ ಪೀಠಿಕೆಯ ದೃಶ್ಯ ಬಂತು, ಆ ಮೇಲೆ ದ್ವೀಪದ ನಕ್ಷೆ, ನಂತರ ಮೊದಲ ಸ್ಟೇಜಿನ ಕಾಡು. ಮರಗಳು ಅಲುಗಾಡುತ್ತಿದ್ದವು. ಶಿವಮೊಗ್ಗದ ನಮ್ಮ ಟಿವಿಯಲ್ಲಿ ಅವೇ ಎಲೆಗಳು ಅಷ್ಟು ವರ್ಷ ಒಂದಿಷ್ಟೂ ಮಿಸುಕದೆ ನಿಂತಿದ್ದವು, ಇಲ್ಲಿ ಗಾಳಿಗೆ ತೂಗುತ್ತಿದ್ದವು. ನೋಡುತ್ತ ನಿಂತ ಅಷ್ಟು ಹೊತ್ತಿನಲ್ಲಿ ನನ್ನ ಮೊದಲ ಲೈಫ್ ಹೋಯಿತು. ಐದನೆಯ ಸ್ಟೇಜಿನ ಹಿಮದ ಬಯಲಿನಲ್ಲಿ ನಿಜವಾಗಿಯೂ ಹಿಮಗಾಳಿ ಬೀಸುತ್ತಿತ್ತು, ಕೊನೆಯ ಸ್ಟೇಜಿನ ಗೋಡೆಗಳು ಉಸಿರಾಡುವಂತೆ ಮಿಡಿಯುತ್ತಿದ್ದವು. ಅಣ್ಣನಿಗೆ ವೀಡಿಯೊ ಕಳಿಸಿದೆ. ಅವನು ಆಗ ಬೆಂಗಳೂರಿನಲ್ಲಿ ಕೆಲಸದ ಮಧ್ಯೆ ಇದ್ದರೂ ಮರಗಳನ್ನು ತಕ್ಷಣ ಗಮನಿಸಿದ.

ಈ ಆವೃತ್ತಿ 2019ರ ಕಾಂಟ್ರಾ ಸಂಕಲನದಲ್ಲೂ ಇದೆ, ‘ಗಿಮಿಕ್!’ ಕೂಡ 2023ರಲ್ಲಿ ಇಂದಿನ ಯಂತ್ರಗಳಿಗೆ ಮರಳಿ ಬಂದಿದೆ. ಆಡುವುದಷ್ಟೇ ಬೇಕಾದವರು ಕಪಾಟಿನ ಬೆಲೆಗೆ ಹೆದರಬೇಕಿಲ್ಲ. ಅಂಥ ಮರುಬಿಡುಗಡೆಗಳನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಆ ಭಾಗ್ಯ ಎಲ್ಲ ಆಟಗಳಿಗೂ ಇಲ್ಲ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರ ಜುಲೈನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕೆ ಮೊದಲು ಆ ದೇಶದಲ್ಲಿ ಬಂದ ಗೇಮುಗಳಲ್ಲಿ ನೂರಕ್ಕೆ 87ರಷ್ಟು ಆಗ ಅಧಿಕೃತವಾಗಿ ಎಲ್ಲಿಯೂ ಮಾರಾಟಕ್ಕಿರಲಿಲ್ಲ. ನಿಂಟೆಂಡೊ ತನ್ನ 3ಡಿಎಸ್ ಮತ್ತು ವೀ ಯು ಯಂತ್ರಗಳ ಆನ್‌ಲೈನ್ ಅಂಗಡಿಗಳಲ್ಲಿ ಖರೀದಿಯನ್ನು ಅದೇ ವರ್ಷದ ಮಾರ್ಚಿನಲ್ಲಿ ನಿಲ್ಲಿಸಿದಾಗ, ಅಲ್ಲಿ ಅಗ್ಗದಲ್ಲಿ ಸಿಗುತ್ತಿದ್ದ ನೂರಾರು ಹಳೆಯ ಆಟಗಳೂ ಮುಚ್ಚಿಹೋದವು. ಅಂಥ ಆಟಗಳಿಗೆ ಹಳೆಯ ಕ್ಯಾಸೆಟ್ಟೊಂದೇ ದಾರಿಯಾದಾಗ, ಬೆಲೆಯ ಏರಿಕೆ ನೇರವಾಗಿ ಆಟಗಾರನ ಮುಖಕ್ಕೇ ಬಾಗಿಲು ಹಾಕುತ್ತದೆ.

ಮರುವಾರ ಉಪನಗರದ ಹಳೆಯ ಸಾಮಾನಿನ ಅಂಗಡಿಯೊಂದರ ಜಂಕ್ ಬುಟ್ಟಿಯಲ್ಲಿ 1988ರ ‘ಡ್ರ್ಯಾಗನ್ ಕ್ವೆಸ್ಟ್ 3’ ಕೆಲವೇ ನೂರು ಯೆನ್ನಿಗೆ ಸಿಕ್ಕಿತು. ಲಕ್ಷಾಂತರ ಮನೆಗಳಲ್ಲಿದ್ದ ಆಟವಾದ್ದರಿಂದ ಅದನ್ನು ಯಾರೂ ಗಾಜಿನೊಳಗೆ ಇಡುವುದಿಲ್ಲ. ಆಟದ ಪ್ರಗತಿಯನ್ನು ನೆನಪಿಡುವ ಅದರ ಬ್ಯಾಟರಿ ಸತ್ತಿತ್ತು. ಸಹೋದ್ಯೋಗಿ ಕ್ಯಾಸೆಟ್ಟಿನ ಕೊಂಡಿಗಳನ್ನು ತೆಳುವಾದ ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಿಸಿ, ಹಳೆಯ ಬ್ಯಾಟರಿಯನ್ನು ಕಿತ್ತು, ಹೊಸದನ್ನು ಬೆಸೆದುಕೊಟ್ಟರು. ಮುಂದೆ ಹುಡುಕುತ್ತಿರುವುದು 1990ರ ‘ಸೂಪರ್ ಕಾಂಟ್ರಾ’. ಅಕಿಹಬಾರದ ಬೆಲೆಯನ್ನು ಅವರು ಆಗಾಗ ಬರೆದು ಕಳಿಸುತ್ತಾರೆ, ನಾನು ಹೆಸರು ಬರೆದ ಪ್ರತಿಯೊಂದು ಬರುವವರೆಗೆ ಕಾಯಿರಿ ಎಂದು ಉತ್ತರಿಸುತ್ತಿದ್ದೇನೆ.