ಹತ್ತು ದ್ವೀಪಕ್ಕೆ ಒಂದೇ ಬಣ್ಣ

ಮೇ 19, ರಾತ್ರಿ ಹತ್ತೂವರೆ

"ಅಲ್ಲಿ ಮಳೆ ಉಂಟಾ ನೋಡು." ಅಮ್ಮ ಇವತ್ತು ಮೂರನೇ ಸಲ ಕೇಳಿದರು. ಅಲ್ಲಿ ಅಂದರೆ ಲಕ್ಷದ್ವೀಪದ ಕಡಮತ್ ದ್ವೀಪ. ಅಲ್ಲಿರುವ ತಮ್ಮ ಊರಿಗೆ ಬರಲು ಶುಕ್ರವಾರ ಹಡಗು ಹತ್ತಬೇಕು.

ಹವಾಮಾನ ಇಲಾಖೆಯ ಮುನ್ಸೂಚನೆ ತೆಗೆದೆ. ಲಕ್ಷದ್ವೀಪಕ್ಕೆ ಮೂರು ದಿನ ಹಳದಿ ಎಚ್ಚರಿಕೆ. ಗಾಳಿ ಗಂಟೆಗೆ 40ರಿಂದ 50 ಕಿಲೋಮೀಟರು. ಮೀನುಗಾರರು ಕಡಲಿಗೆ ಇಳಿಯಬಾರದು. ಆಮೇಲೆ ಅಲ್ಲಲ್ಲಿ ಮಳೆ. ಅಷ್ಟೇ. ಜನ ಇರುವ ದ್ವೀಪಗಳು 10. ತೆಂಕಿನ ಮಿನಿಕಾಯ್‌ಗೂ ಬಡಗಿನ ಚೆತ್ಲಾತ್‌ಗೂ ನಡುವೆ 300 ಕಿಲೋಮೀಟರಿಗಿಂತ ಜಾಸ್ತಿ. ಎಲ್ಲಕ್ಕೂ ಒಂದೇ ಹಳದಿ. ಕಡಮತ್ ಅಗಲ ಅರ್ಧ ಕಿಲೋಮೀಟರಿನಷ್ಟು. ಅಮ್ಮನಿಗೆ ಬೇಕಾದ್ದು ಅಷ್ಟು ಜಾಗದ ಸುದ್ದಿ ಮಾತ್ರ.

ಬೆಳಿಗ್ಗೆ ಬಂಗುಡೆ ತಂದ ಇಚ್ಚನನ್ನು ಕೇಳಿದೆ. ಅವರು ದೋಣಿಯನ್ನು ಆಗಲೇ ಮೇಲೆ ಎಳೆದು ಹಾಕಿದ್ದಾರೆ. ಇದು ಬೇರೆಯವರ ಬಲೆಯ ಮೀನು.

"ಮಳೆ ನೋಡಿ ಏನು ಮಾಡ್ತೀರಿ ಟೀಚರೇ? ತೆರೆ ನೋಡಿ. ಹಡಗು ದೂರ ನಿಂತರೆ ಸಣ್ಣ ದೋಣಿಯಲ್ಲಿ ಹೋಗಿ ಹತ್ತಬೇಕಲ್ವಾ?"

ಹೌದು. ಹೋದ ಸಲ ತಮ್ಮ ಹಾಗೇ ಹತ್ತಿದ್ದು. ದೋಣಿ ಮೇಲೆ ಬಂದಾಗ ಹಡಗಿನವರು ಕೈ ಹಿಡಿದು ಎಳೆದುಕೊಂಡರಂತೆ. ಅಮ್ಮನಿಗೆ ಇದನ್ನು ನಾವು ಹೇಳಿಲ್ಲ.

"ಶುಕ್ರವಾರದ್ದು ಈಗ ನಂಬಬೇಡಿ. ಬುಧವಾರ ಮತ್ತೆ ನೋಡಿ," ಅಂದು ಇಚ್ಚ ತಕ್ಕಡಿ ಎತ್ತಿದರು.

2021ರ ಮೇ ತಿಂಗಳು ನೆನಪಾಯಿತು. ತೌಕ್ತೆ ಚಂಡಮಾರುತ ಹುಟ್ಟಿದ್ದು ಲಕ್ಷದ್ವೀಪದ ಹತ್ತಿರವೇ. ಇಲ್ಲಿ ನಮ್ಮ ಕಡಲ್ಕೊರೆತ ನೋಡುತ್ತಾ ನಾನು ಆ ದ್ವೀಪಗಳನ್ನು ಯೋಚಿಸಿಯೇ ಇರಲಿಲ್ಲ. ಆಗ ತಮ್ಮ ಅಲ್ಲಿರಲಿಲ್ಲ, ಅದಕ್ಕೆ. ಈಗ ನಾಚಿಕೆಯಾಗುತ್ತದೆ. 1956ರ ತನಕ ಅಮಿನಿ, ಕಡಮತ್ ಎಲ್ಲ ನಮ್ಮ ಕಾಸರಗೋಡಿನ ಹಾಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವು. ಆ ನವೆಂಬರ್ 1ಕ್ಕೆ ರಾಜ್ಯಗಳ ಗಡಿ ಬದಲಾಗಿ ಅವು ಒಂದು ಕಡೆ, ನಾವು ಒಂದು ಕಡೆ.

ಅಮ್ಮ ಅವನಿಗೆಂದು ಹಲಸಿನ ಹಪ್ಪಳ ಒಣಗಿಸುತ್ತಿದ್ದಾರೆ. ಸಂಜೆ ನಾಲ್ಕು ಹನಿ ಬಿದ್ದದ್ದೇ ಚಾಪೆ ಸಮೇತ ಒಳಗೆ ಎಳೆದೆವು. ಕೆಲವು ನಡುವಿನಲ್ಲಿ ಇನ್ನೂ ಹಸಿ. ಅಂಚು ಮಾತ್ರ ಮೇಲೆದ್ದಿದೆ. ಒಂದೊಂದನ್ನೇ ಬೆರಳಿನಿಂದ ಒತ್ತಿ ನೋಡಿ, "ನಾಳೆ ಬಿಸಿಲು ಬಂದರೆ ಸಾಕು" ಅಂದರು. ಯಾವ ಊರಿನ ಬಿಸಿಲು ಅಂತ ನಾನು ಕೇಳಲಿಲ್ಲ.

ಹೈದರಾಬಾದಿನ ಕಡಲ ಮಾಹಿತಿ ಕೇಂದ್ರ ಇನ್‌ಕಾಯ್ಸ್‌ನವರು ತೆರೆಯ ಎತ್ತರ ಹಾಕುತ್ತಾರೆ. ಈಗಷ್ಟೇ ನೋಡಿದೆ. ಬುಧವಾರ ಅದು ಸ್ವಲ್ಪ ತಗ್ಗಿದರೆ…